ಕಳಚಿದ ಬೋರ್ಡಿನ ಅಕ್ಷರಗಳು

ಅವನನ್ನು ಎಲ್ಲರೂ ಗರಗಸ ಎಂದೇ ಕರೆಯುತ್ತಿದ್ದರು. ಅಂಗಡಿ ಬೋರ್ಡುಗಳಿಗೆ ಇಂಗ್ಲಿಷ್ ಅಕ್ಷರ ಕತ್ತರಿಸುವ ಆ ಕಾರ್ಖಾನೆಯಲ್ಲಿ ಅವನಷ್ಟು ನುಣುಪಾಗಿ ಗರಗಸ ಆಡಿಸುವ ಕೈ ಇನ್ನೊಂದಿರಲಿಲ್ಲ. ಯಜಮಾನ ಪ್ಲಾಸ್ಟಿಕ್ ಹಾಳೆಯ ಮೇಲೆ ಗೀಟು ಎಳೆದು ಕೊಟ್ಟರೆ ಸಾಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಕ್ಷರವನ್ನು ಬಿಡಿಸಿಕೊಡುತ್ತಿದ್ದ. ಆದರೆ ಅಲ್ಲಿ ಪದವನ್ನು ಪದವಾಗಿ ಯಾರೂ ಕತ್ತರಿಸುವುದಿಲ್ಲ. ಒಂದು ದಿನವೆಲ್ಲ ಟಿ, ಮರುದಿನವೆಲ್ಲ ಎಸ್. ಕತ್ತರಿಸಿದ್ದನ್ನು ಗೋಡೆಯ ಮೊಳೆಗಳಿಗೆ ನೇತುಹಾಕುವುದು, ಬೇಕಾದಾಗ ಬೇಕಾದವರು ತೆಗೆದುಕೊಳ್ಳುವುದು. ಅವನ ಬಾಯಲ್ಲಿ ಎಸ್ ಎಂದರೆ ಹಾವು, ಇ ಎಂದರೆ ಬಾಚಣಿಗೆ, ಓ ಎಂದರೆ ಬಳೆ. ಆಯಸ್ಸೆಲ್ಲ ಇಂಗ್ಲಿಷನ್ನು ಕೊಯ್ದವನು ಒಂದು ಇಂಗ್ಲಿಷ್ ಪದವನ್ನೂ ಓದಲಾರ. ಅಡುಗೆಯಲ್ಲಿ ಮುಳುಗೇಳುವ ಸೌಟಿಗೆ ರುಚಿ ಗೊತ್ತಿರುತ್ತದೆಯೇ?

ಅರವತ್ತರ ಹತ್ತಿರ ಬಂದಾಗ ಕೈ ನಡುಗತೊಡಗಿತು. ಹಾವಿನ ಸೊಂಟ ಮುರಿಯಿತು, ಬಳೆ ಮೊಟ್ಟೆಯಾಯಿತು. ಯಜಮಾನ ಹಾಳಾದ ಹಾಳೆಗಳನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಇದೇನೋ ಗರಗಸ, ಇಲಿ ಕಡಿದದ್ದೋ ನೀನು ಕಡಿದದ್ದೋ?"

ಅದೇ ಹೊತ್ತಿಗೆ ಬೋರ್ಡು ಕೂರಿಸುವವನು ಕೆಲಸ ಬಿಟ್ಟ. ಏಣಿ ಹತ್ತಿ ಗೋಡೆಗೆ ಅಕ್ಷರ ಅಂಟಿಸುವ ಕೆಲಸ ಅದು. ಅಂಟು ಹಚ್ಚಿ ಒತ್ತಿದರಾಯಿತು, ಕೈ ಕೊಂಚ ನಡುಗಿದರೂ ನಡೆಯುತ್ತದೆ. ಗರಗಸ ಕೈಮುಗಿದು ಆ ಏಣಿಯ ಕೆಲಸ ಕೇಳಿದ. ಅದು ಸಿಕ್ಕದಿದ್ದರೆ ಅವನಿಗೆ ಮನೆಯೇ ಗತಿ. ಹೆಂಡತಿ ಸತ್ತ ಮನೆಯಲ್ಲಿ ಮಗಳ ದುಡಿಮೆಯ ಅನ್ನ ತಿಂದು ಗೋಡೆ ನೋಡುತ್ತ ಕೂರುವುದು.

"ನಾನು ಚೀಟಿಯಲ್ಲಿ ಬರೆಯೋದು ಕೂಡುಬರಹ, ಗೋಡೆಗೆ ಹೋಗೋದು ದೊಡ್ಡಕ್ಷರ, ಆಕಾರ ನೋಡಿ ಜೋಡಿಸೋಕಾಗಲ್ಲ," ಎಂದ ಯಜಮಾನ. "ಸ್ಪೆಲಿಂಗ್ ಗೊತ್ತಿಲ್ಲದವನನ್ನ ಏಣಿ ಹತ್ತಿಸಿದ್ರೆ ಊರೆಲ್ಲಾ ನಗುತ್ತೆ. ಕಲಿತು ಬಾ, ನೋಡೋಣ."

ಕಲಿಸಲು ಮಗಳು ಮುಂದಾದಳು. ಅವಳು ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಅಕ್ಷರಗಳನ್ನು ಕಲಸಿ ಕೊಟ್ಟು, ಸರಿಯಾದ ಪದ ಜೋಡಿಸಿ ಎಂದರೆ ಮಕ್ಕಳು ಆಟವಾಡುತ್ತಲೇ ಸ್ಪೆಲಿಂಗ್ ಕಲಿಯುತ್ತವೆ ಎಂಬುದು ಅವಳ ಅನುಭವ. ಅಪ್ಪನಿಗೆ ಪೆನ್ಸಿಲ್ ಹಿಡಿಯಲು ನಾಚಿಕೆ. ಅಕ್ಷರವಾದರೆ ಕೈಗೆ ಬಳಕೆ. ಕಾರ್ಖಾನೆಯ ಹಿತ್ತಿಲಲ್ಲಿ ಹಳೆಯ ಬೋರ್ಡುಗಳಿಂದ ಕಳಚಿದ ಅಕ್ಷರಗಳು ಚೀಲಚೀಲವಾಗಿ ಬಿದ್ದಿದ್ದವು, ಒಂದು ಬೋರ್ಡಿಗೆ ಒಂದು ಚೀಲ. ಅಪ್ಪ ಸಂಜೆಗೊಂದು ಚೀಲ ತಂದರೆ, ಮಗಳು ಅದನ್ನು ಅಡುಗೆಮನೆಯ ನೆಲದ ಮೇಲೆ ಸುರಿದು, ಕೈಯಾಡಿಸಿ ಕಲಸುತ್ತಿದ್ದಳು.

"ರೊಟ್ಟಿ ಅಂಗಡಿ ಬೋರ್ಡಪ್ಪ ಇದು. ಬೇಕರಿ. ಬಾಯಲ್ಲಿ ಹೇಳ್ಕೊಂಡು ಜೋಡಿಸು."

ಮೊದಲ ವಾರ ಪರದಾಡಿದ. ಆಮೇಲೆ ಏನಾಯಿತೋ, ಒಡೆದ ಗಡಿಗೆಯ ಚೂರು ಕೂಡಿಸುವವನ ಹಾಗೆ ಸರಸರ ಜೋಡಿಸತೊಡಗಿದ. ಟೈಲರ್, ಹೋಟೆಲ್, ಫಾರ್ಮಸಿ, ಯಾವುದು ಸುರಿದರೂ ಸರಿ. ಒಮ್ಮೊಮ್ಮೆ ಮಾತ್ರ ಇಡೀ ಪದ ಹಿಂದುಮುಂದಾಗುತ್ತಿತ್ತು. ಕೊನೆಯ ಅಕ್ಷರ ಮೊದಲಿಗೆ, ಮೊದಲನೆಯದು ಕೊನೆಗೆ, ನಡುವಿನದೆಲ್ಲ ಅದೇ ಹಿಮ್ಮುಖ ಸಾಲಿನಲ್ಲಿ. ಮಗಳು ನಕ್ಕು, "ಆ ಕಡೆಯಿಂದ ಅಪ್ಪಾ," ಅಂದರೆ ತಿರುಗಿಸಿ ಇಡುತ್ತಿದ್ದ. ಅಪ್ಪನ ಬುದ್ಧಿ ಕಂಡು ಅವಳಿಗೆ ಹಿಗ್ಗೋ ಹಿಗ್ಗು.

ಆ ಹಿಗ್ಗನ್ನು ಹಂಚಿಕೊಳ್ಳಲು ಅವಳು ಸೋದರಮಾವನನ್ನು ಕರೆದಳು. ಅವನು ಗರಗಸನ ಬಾಮೈದ. ಮೀಸೆ ಮೂಡುವ ಮೊದಲೇ ಅವನನ್ನು ಕಾರ್ಖಾನೆಗೆ ತಂದು ಸೇರಿಸಿ, ಗರಗಸ ಹಿಡಿಯುವುದನ್ನು ಕಲಿಸಿದವನೇ ಭಾವ. ಈಗ ಏಣಿಯ ಮೇಲೆ ಅವನಿಗೂ ಕಣ್ಣಿತ್ತು, ತಾನಾಗಿಯೇ ಒಂದಿಷ್ಟು ಇಂಗ್ಲಿಷ್ ಓದಲೂ ಕಲಿತಿದ್ದ. ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಭಾವನ ಕೈಯನ್ನೇ ನೋಡಿದ. ಸ್ಪೆಲಿಂಗ್ ತಪ್ಪುವವನು ಒಂದೆರಡು ಅಕ್ಷರ ಆಚೀಚೆ ಮಾಡಿಯಾನು. ಪದವನ್ನು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದು ಮಾಡುವುದು ಯಾವ ಸೀಮೆಯ ತಪ್ಪು? ಕದ್ದು ತಿನ್ನುವ ಬೆಕ್ಕಿಗೆ ಇನ್ನೊಂದು ಬೆಕ್ಕಿನ ಹೆಜ್ಜೆ ಬೇಗ ಕೇಳಿಸುತ್ತದೆ. ಅಕ್ಷರಗಳನ್ನು ಎತ್ತಿ ನೋಡಿದ. ವರ್ಷಗಟ್ಟಲೆ ಬಿಸಿಲಿಗೆ ನಿಂತ ಬೋರ್ಡು ಅದು. ನೆರಳಿನ ತುದಿಯ ಅಕ್ಷರ ಇನ್ನೂ ಕಡುಗೆಂಪು, ಬಿಸಿಲ ತುದಿಯದು ಬಿಳಿಚಿಕೊಂಡಿದೆ. ನಡುವಿನವು ಒಂದಕ್ಕಿಂತ ಒಂದು ಮಾಸಲು. ಭಾವ ಜೋಡಿಸುತ್ತಿದ್ದದ್ದು ಬಣ್ಣವನ್ನು.

ಮೋಸ ಮಾಡುವ ಮನಸ್ಸು ಗರಗಸನಿಗಿರಲಿಲ್ಲ. ವರ್ಷಗಟ್ಟಲೆ ಹಾಳೆಗೆ ಹಾಳೆಯ ಬಣ್ಣ ಹೊಂದಿಸಿ ಪಳಗಿದ ಕಣ್ಣು ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಅದನ್ನೇ ಅವನು ಓದು ಎಂದುಕೊಂಡಿದ್ದ. ಹೇಳಿಕೊಡುವವರಿಲ್ಲದೆ ಅಕ್ಷರ ಕಲಿತ ಬಾಮೈದನಂಥವರಿಗೆ ಗೊತ್ತು, ಇಂಥ ಅಡ್ಡದಾರಿ ಎಷ್ಟು ಹೆದ್ದಾರಿಯಂತೆ ಕಾಣುತ್ತದೆ ಎಂದು. ಅಲ್ಲೇ ಒಂದು ಮಾತು ಹೇಳಿದ್ದರೆ ತಿದ್ದಿಕೊಳ್ಳಲು ದಿನಗಳಿದ್ದವು. ಬಾಮೈದ ಹೇಳಲಿಲ್ಲ.

"ಭಾವ, ನೀವು ಕಾಲೇಜಿಗೇ ಹೋಗಬೇಕಿತ್ತು," ಎಂದು ಮೂಗಿಗೆ ತುಪ್ಪ ಸವರಿ ಹೋದ. ಕಾರ್ಖಾನೆಯಲ್ಲೂ ಹಾಡಿ ಹೊಗಳಿದ. ಚಹಾದ ಹೊತ್ತಿಗೆ ಎಲ್ಲರ ಮುಂದೆ ಚೀಲ ಸುರಿದು ಭಾವನ ಕೈಯಲ್ಲಿ ಜೋಡಿಸಿ ತೋರಿಸಿದ. ಗರಗಸ ಎದೆಯುಬ್ಬಿಸಿ ನಡೆದ. ಏಣಿ ಹತ್ತಲೆಂದು ಹೊಸ ಚಪ್ಪಲಿಯನ್ನೂ ಕೊಂಡ.

ಹಲ್ಲಿನ ಡಾಕ್ಟರೊಬ್ಬರು ತಮ್ಮ ಬೋರ್ಡು ನೋಡಲು ಬಂದ ದಿನ, ಬಾಮೈದ ಯಜಮಾನನ ಕಿವಿಯಲ್ಲಿ ಏನೋ ಊದಿದ. ಯಜಮಾನ ಆಗತಾನೆ ಕತ್ತರಿಸಿದ ಅಕ್ಷರಗಳನ್ನು ಮೇಜಿನ ಮೇಲೆ ಹರಡಿದ. ಎಲ್ಲವೂ ಒಂದೇ ನೀಲಿ, ಮಿರಮಿರ ಮಿಂಚುವ ಹೊಸ ನೀಲಿ.

"ಡಾಕ್ಟರ ಎದುರಿಗೇ ಜೋಡಿಸು ಗರಗಸ. ಡೆಂಟಲ್ ಕ್ಲಿನಿಕ್. ಜೋಡಿಸಿದ್ರೆ ಇವತ್ತಿಂದಲೇ ಏಣಿ ನಿಂದು."

ಅವನು ನಗುತ್ತಲೇ ಮೇಜಿಗೆ ಬಂದ. ಒಂದಕ್ಷರ ಎತ್ತಿದ, ಇಟ್ಟ. ಇನ್ನೊಂದು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿ ಬೆನ್ನು ನೋಡಿದ. ಕಿಟಕಿಯ ಹತ್ತಿರ ಒಯ್ದು, ಎರಡನ್ನು ಪಕ್ಕಪಕ್ಕಕ್ಕೆ ಹಿಡಿದು ಕಣ್ಣು ಕಿರಿದು ಮಾಡಿದ. ಬೆವರಿದ ಹೆಬ್ಬೆರಳು ನೀಲಿಯ ಮೇಲೆ ಗುರುತು ಬಿಟ್ಟಿತು. ಆ ಗುರುತನ್ನೇ ಆಸೆಯಿಂದ ನೋಡಿ, ಅಂಗಿಯ ತುದಿಯಿಂದ ಒರೆಸಿದ.

"ಏನು ಹುಡುಕ್ತಾ ಇದ್ದೀರಿ ಭಾವ?" ಎಂದ ಬಾಮೈದ, ಎಲ್ಲರಿಗೂ ಕೇಳುವಂತೆ. "ಬಣ್ಣ ಮಾಸಿಲ್ಲ ಅಂತಲಾ? ಒಂದೆರಡು ವರ್ಷ ಬಿಸಿಲಿಗಿಟ್ಟು ತರಲಾ?"

ಗುಟ್ಟನ್ನು ಅವನೇ ಬಿಚ್ಚಿ ಹೇಳಿದ. ಕಾರ್ಖಾನೆ ಗೊಳ್ಳೆಂದಿತು. ಗರಗಸ ಮಾತ್ರ ಬಾಮೈದನ ಬಾಯನ್ನೇ ನೋಡುತ್ತಿದ್ದ. ತಾನು ಮಾಡುತ್ತಿದ್ದದ್ದು ಏನೆಂದು ಅವನಿಗೂ ಆಗಲೇ ತಿಳಿದದ್ದು.

"ಅಕ್ಷರ ಸರಿಯಾಗಿ ಕತ್ತರಿಸಿಲ್ಲ ಯಜಮಾನ್ರೇ, ಅದಕ್ಕೇ..." ಎಂದು ತೊದಲಿದ.

"ಕುಣಿಯಲಾರದವಳಿಗೆ ನೆಲ ಡೊಂಕು," ಎಂದ ಯಜಮಾನ.

ಡಾಕ್ಟರೂ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು, ನಕ್ಕು ನಕ್ಕು. "ಪುಣ್ಯ, ಇವರು ಹಲ್ಲು ಕೀಳೋಕೆ ಬರಲಿಲ್ಲ."

ಏಣಿ ಬಾಮೈದನ ಪಾಲಾಯಿತು. ನಾಳೆಯಿಂದ ಬರುವುದು ಬೇಡ ಎಂದು ಯಜಮಾನ ಗರಗಸನಿಗೆ ಅಲ್ಲೇ ಹೇಳಿದ.

ಸಂಜೆ ಮಗಳಿಗೆ ಎಲ್ಲ ತಿಳಿಯಿತು. ಅವಳು ಅಳಲಿಲ್ಲ. ಕತ್ತರಿ, ರಟ್ಟು ತಂದು ಅಪ್ಪನ ಎದುರು ಕೂತಳು. "ನನ್ನದೇ ತಪ್ಪಪ್ಪ, ನಾನು ಗಮನಿಸಬೇಕಿತ್ತು. ಎಲ್ಲಾ ಒಂದೇ ಬಣ್ಣದಲ್ಲಿ ಕತ್ತರಿಸಿಕೊಡ್ತೀನಿ. ಮೊದಲಿಂದ ಶುರು ಮಾಡೋಣ."

ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸುವುದು ಲೋಕರೂಢಿ. ಯಜಮಾನನ ಮುಂದೆ, ಬಾಮೈದನ ಮುಂದೆ ಹೊರಡದ ದನಿ ಅವನಿಗೆ ಇಲ್ಲಿ ಬಂತು.

"ನಿನ್ನ ಪಾಠ ಸಾಕು. ನಿನ್ನ ಹತ್ರ ಕಲಿಯೋ ಮಕ್ಕಳೂ ಹೀಗೇ ಕುರುಡಾಗ್ತಾವೆ. ನಿಂಗೆ ಕೆಲಸ ಕೊಟ್ಟವರಿಗೆ ಬುದ್ಧಿ ಇಲ್ಲ."

ಅವಳು ರಟ್ಟು ಮಡಚಿ ಎದ್ದಳು. ಅಂದಿನಿಂದ ಅಪ್ಪನಿಗೆ ಊಟಕ್ಕಿಡುವಾಗ ಮಾತ್ರ ಮಾತು, ಅದೂ "ಬಾ" ಎಂದಷ್ಟೇ.

ವಾರ ಕಳೆದ ಮೇಲೆ ಬಾಮೈದ ಬಾಗಿಲಿಗೆ ಬಂದ. "ಭಾವ, ಕೆಳಗೆ ಏಣಿ ಹಿಡಿಯೋಕೆ ಒಬ್ಬರು ಬೇಕಂತೆ. ನಾನೇ ನಿಮ್ಮ ಹೆಸರು ಹೇಳಿದೆ. ಉಪಕಾರ ಅಂತ ತಿಳ್ಕೋಬೇಡಿ."

"ಹೋಗಬೇಡ," ಎಂದಳು ಮಗಳು ಒಳಗಿಂದ.

"ಇಲ್ಲಿ ಕೂತು ನಿನ್ನ ಮುಖ ನೋಡೋದಕ್ಕಿಂತ ಅದೇ ವಾಸಿ," ಎಂದು ಅವನು ಅಂಗಿ ಹಾಕಿಕೊಂಡ.

ಈಗಲೂ ಅವನನ್ನು ಯಾವುದಾದರೂ ಅಂಗಡಿ ಸಾಲಿನಲ್ಲಿ ಕಾಣಬಹುದು. ಎರಡೂ ಕೈಯಲ್ಲಿ ಏಣಿಯ ಕಾಲು ಹಿಡಿದು ನಿಂತಿರುತ್ತಾನೆ. ಕೈಯ ನಡುಕಕ್ಕೆ ಏಣಿಯೂ ಸಣ್ಣಗೆ ಅದುರುತ್ತದೆ. ಆಗ ಮೇಲಿನಿಂದ ಬಾಮೈದ ಕೂಗುತ್ತಾನೆ:

"ಗಟ್ಟಿಯಾಗಿ ಹಿಡೀರಿ ಭಾವ. ಓದೋ ಕೆಲಸ ಏನೂ ಇಲ್ವಲ್ಲ ನಿಮಗೆ."