ಎಣ್ಣೆ ಡಬ್ಬದ ದಾಸವಾಳ

ಬಾಡಿಗೆ ಮನೆ ನೋಡಲು ಹೋದವಳು ಬಚ್ಚಲಿನ ನಲ್ಲಿ ತಿರುಗಿಸಿದೆ. ಏಜೆಂಟ್ ಬೆಚ್ಚಿಬಿದ್ದ. ನನ್ನ ಹಿಂದೆ ಮೆಟ್ಟಿಲಿನಿಂದ ಗೇಟಿನವರೆಗೆ, ಅಲ್ಲಿಂದ ಮಳೆಯಲ್ಲಿ ರಸ್ತೆಯ ತಿರುವಿನವರೆಗೆ ಅದೇ ಮನೆಗಾಗಿ ಜನ ಸಾಲಾಗಿ ನಿಂತಿದ್ದರು. ನೀರು ಬರುತ್ತದೆಯೇ ಎಂದು ನೋಡುವ ಸೊಕ್ಕು ಅವರಲ್ಲಿ ಯಾರಿಗೂ ಇರಲಿಲ್ಲ. "ಗ್ರ್ಯಾಂಡ್," ಎಂದ. ಐರ್ಲೆಂಡಿನಲ್ಲಿ ಇದಕ್ಕೆ ಭವ್ಯವೆಂಬ ಅರ್ಥವಿಲ್ಲ; ಆಯಿತು, ಇನ್ನು ಹೊರಡಿ ಎಂದಷ್ಟೇ. "ನಿಮ್ಮ ಬಗ್ಗೆ ಒಂದು ಪ್ಯಾರಾ ಬರೆದು ಮೇಲ್ ಮಾಡಿ. ಓನರ್ ಓದ್ತಾರೆ."

ಉಡುಪಿಯಲ್ಲಾದರೆ ಓನರಮ್ಮ ಮೀನು ತಿನ್ನುತ್ತೀರಾ ಎಂದು ಕೇಳಿ, ಜಾತಿ ತಿಳಿದುಕೊಂಡು ಸುಮ್ಮನಾಗುತ್ತಿದ್ದಳು. ಇಲ್ಲಿ ಆತ್ಮಕಥೆಯೇ ಬೇಕು.

ನಾವು ಇಬ್ಬರು. ನಾನು ಸ್ಯಾಂಡಿಫರ್ಡ್‌ನ ಆಫೀಸೊಂದರಲ್ಲಿ ಪೇರೋಲ್ ನೋಡುವವಳು. ಇರೀನಾ ರೊಮೇನಿಯಾದ ಕವಿ. ಅಲ್ಲಿ ಮೂರು ಸಂಕಲನ, ಇಲ್ಲಿ ಶಿಶುವಿಹಾರದಲ್ಲಿ ಕೆಲಸ. ನಾವಿದ್ದ ಮನೆ ಮಾರಾಟವಾಗಿ, ತಿಂಗಳ ಕೊನೆಗೆ ಬಿಡಬೇಕಿತ್ತು. ಪ್ಯಾರಾ ಕವಿಯೇ ಬರೆಯಲಿ ಎಂದುಕೊಂಡದ್ದು ನನ್ನ ದಡ್ಡತನ. ಮೊದಲ ಸಂಕಲನದಲ್ಲಿ ಅವಳು ಹುಟ್ಟಿದ್ದು ಅಕ್ರೋಟು ಮರವಿದ್ದ ಮನೆಯಲ್ಲಿ, ಎರಡನೆಯದರಲ್ಲಿ ಲಿಫ್ಟ್ ಕೆಟ್ಟ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಮೂರನೆಯದರಲ್ಲಿ ರೈಲಿನಲ್ಲಿ. ಯಾವುದು ನಿಜವೆಂದು ಅಲ್ಲಿನ ವಿಮರ್ಶಕರು ಕಿತ್ತಾಡಿದರಂತೆ. ಓನರ್‌ಗೆ ಅವಳು ಬರೆದದ್ದು: "ನಾನು ಮೂರು ಕಡೆ ಹುಟ್ಟಿದ್ದೇನೆ. ನಾಲ್ಕನೆಯದು ನಿಮ್ಮ ಮನೆಯಾಗಬಹುದು."

"ಇದನ್ನ ಓದಿ ಯಾರು ಕೀ ಕೊಡ್ತಾರೆ ಇರೀನಾ? ಒಂದೇ ಮನೇಲಿ ಹುಟ್ಟೋಕೆ ನಿಂಗೇನು ಕಷ್ಟ?"

"ಒಂದೇ ಕಡೆ ಕೂತಿದ್ರೆ ಅದು ನೆನಪಲ್ಲ, ಫರ್ನಿಚರ್."

ತಲೆಕೆಟ್ಟು ನಾನೇ ಬರೆದೆ. ಇಬ್ಬರು ಶಾಂತ ಹೆಂಗಸರು, ಸಿಗರೇಟಿಲ್ಲ, ಪಾರ್ಟಿಯಿಲ್ಲ. ಅಮ್ಮನ ಹೂತೋಟದಲ್ಲಿ ಬೆಳೆದವಳು ನಾನು, ನಿಮ್ಮ ತೋಟವನ್ನೂ ಹಾಗೆಯೇ ನೋಡಿಕೊಳ್ಳುತ್ತೇನೆ.

"ತೋಟ ಇತ್ತಾ?" ಎಂದಳು ಇರೀನಾ. ಇತ್ತು ಎಂದೆ. ಬರೆಯುವಾಗ ಕಣ್ಣಿಗೆ ಕಟ್ಟಿತ್ತು. ಮೇಲ್ ಕಳಿಸಿದ ಮೇಲೆ ಯಾಕೋ ಅನುಮಾನ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ತೋಟವಾ? ನಮ್ಗೆಲ್ಲಿತ್ತು ಮಾರಾಯ್ತಿ! ಬಸ್‌ಸ್ಟ್ಯಾಂಡ್ ಹಿಂದಿನ ಬಾಡಿಗೆ ಬಿಡಾರ. ಎಣ್ಣೆ ಡಬ್ಬದಲ್ಲಿ ಎರಡು ದಾಸವಾಳ ಇತ್ತು, ಅದೂ ಓನರಮ್ಮಂದು. ಹೂ ಕೊಯ್ದದ್ದಕ್ಕೆ ನಿಂಗೆ ಬೈದದ್ದು ಮರ್ತೇ ಹೋಯ್ತಾ?"

ಇರೀನಾಗೆ ಇಂಗ್ಲಿಷಿನಲ್ಲಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಡಬ್ಬ ಯಾವ ಬಣ್ಣದ್ದು ಎಂದು ಕೇಳಿದಳು.

ನಾನು ನಲ್ಲಿ ತಿರುಗಿಸಿದ್ದ ಆಡಮ್ಸ್‌ಟೌನಿನ ಆ ಮನೆ ನಮಗೇ ಸಿಕ್ಕಿತು, ಇಲ್ಲದ ತೋಟದ ದೆಸೆಯಿಂದ. ಓನರ್‌ಗೆ ಹೂವಿನ ಹುಚ್ಚು. ಶನಿವಾರ ಬಂತೆಂದರೆ ಬಂದಳೇ. ಬಾಡಿದ ಗುಲಾಬಿ ತೋರಿಸಿ, "ಇದಕ್ಕೆ ನಿಮ್ಮಮ್ಮ ಏನು ಮಾಡ್ತಿದ್ರು?" ಎನ್ನುತ್ತಾಳೆ. ನಮ್ಮಮ್ಮ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುತ್ತಿದ್ದಳು. ನಾನು ಏನೋ ಒಂದು ಹೇಳುತ್ತೇನೆ. ಹೇಳಿ ಹೇಳಿ, ಅಮ್ಮ ಕತ್ತರಿ ಹಿಡಿದು ಗಿಡಕ್ಕೆ ಬಗ್ಗಿದ್ದು ಈಗೀಗ ನೆನಪಿಗೇ ಬರತೊಡಗಿದೆ. ಇದಕ್ಕಿಂತ ರೇಜಿಗೆ ಇನ್ನೇನಿದೆ?

ಮೊನ್ನೆ, ನಾನು ಉಗುರಿನ ಮಣ್ಣು ತೊಳೆಯುತ್ತಿದ್ದಾಗ, ಇರೀನಾ ಹೊಸ ಪದ್ಯ ಓದಿ ಅರ್ಥ ಹೇಳಿದಳು. ಈ ಸಲ ಅವಳು ಹುಟ್ಟಿದ್ದು ಬಸ್‌ಸ್ಟ್ಯಾಂಡಿನ ಹಿಂದೆ, ಎಣ್ಣೆ ಡಬ್ಬದ ದಾಸವಾಳದ ಪಕ್ಕ. ಬೈಯುವ ಓನರಮ್ಮನೂ ಇದ್ದಾಳೆ.

"ಅದು ನಮ್ಮನೆ ಮಾರಾಯ್ತಿ!" ಎಂದು ಕೂಗಿದೆ.

"ನೀನು ಖಾಲಿ ಮಾಡಿದ್ದೆಯಲ್ಲ," ಎಂದಳು, "ನಾನು ಸೇರ್ಕೊಂಡೆ."