ರೇಡಿಯೊದಲ್ಲಿ ದಾರಿ ಹೇಳಿದವಳು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಂಥದ್ದೆಲ್ಲ ಕೆಲಸವಿಲ್ಲದವರಿಗೇ ಆಗುವುದು ಎಂದು ಆಡಿಕೊಂಡವಳು ನಾನು. ಈಗ ನಾನೇ ಹೇಳಲು ಕೂತಿದ್ದೇನೆ... ಏನು ಮಾಡಲಿ, ನನ್ನ ಕಿವಿಯಾರೆ ಕೇಳಿದ್ದು.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಒಂದು ಸಣ್ಣ ಟ್ರಕ್ ಕಂಪನಿ. ಯಾವ ಲಾರಿ ಯಾವ ದಾರಿಯಲ್ಲಿ ಹೋಗಬೇಕೆಂದು ಗೊತ್ತುಮಾಡುವುದು ನನ್ನ ಕೆಲಸ. ಮಾಲೀಕರು ಗುಜರಾತಿ. ಅಲ್ಲಿ ಕನ್ನಡ ಬರುತ್ತಿದ್ದದ್ದು ಇಬ್ಬರಿಗೇ, ಮೈಸೂರಿನ ನನಗೆ ಮತ್ತು ಗದಗಿನ ಡ್ರೈವರ್ ಬಸವರಾಜನಿಗೆ. ನನ್ನನ್ನು ಅಕ್ಕಾರ ಎನ್ನುತ್ತಿದ್ದ.

ಆ ಚಳಿಗಾಲ ಮಾಲೀಕರ ನೆಂಟರೊಬ್ಬರ ಮೋಟೆಲ್‌ಗೆ ಹಾಸಿಗೆ, ಹೀಟರು ತಲುಪಿಸಬೇಕಿತ್ತು. ಮೋಟೆಲ್ ಇದ್ದದ್ದು ಕೊಲರಾಡೊದ ಬೆಟ್ಟಗಳಾಚೆ, ಮೈಲುಗಟ್ಟಲೆ ಒಂದು ದೀಪವೂ ಕಾಣದ ಕಡೆ. ಬಸವರಾಜನನ್ನು ಕೂರಿಸಿಕೊಂಡು ಮೇಜಿನ ತುಂಬ ಮ್ಯಾಪ್ ಹರಡಿದೆ. ಡೀಸೆಲ್ ಎಲ್ಲಿ ತುಂಬಿಸುವುದು, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಚೈನ್ ಎಲ್ಲಿ ಕಟ್ಟುವುದು, ಎಲ್ಲ ಗುರುತು ಮಾಡಿಕೊಟ್ಟೆ. ಘಾಟಿಯ ಅರ್ಧದಲ್ಲಿ ಎಡಕ್ಕೆ ಹಳೆಯ ಗಣಿಯ ದಾರಿಯೊಂದು ಒಡೆಯುತ್ತದೆ. ಅದರ ಮುಂದೆ ಬರೀ ಪ್ರಪಾತ. ಸತ್ತರೂ ಎಡಕ್ಕೆ ತಿರುಗಬೇಡ ಮಾರಾಯ ಎಂದು ಹೇಳಿದ್ದೆ.

ಹೊರಡುವ ದಿನ ಅವನ ಹೆಂಡತಿ ಶಾಂತಾ ಪಕ್ಕದೂರು ಲೂಯಿಸ್‌ವಿಲ್‌ನ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಅವಳಿಗೆ ಈ ಪ್ರಯಾಣ ಸುತರಾಂ ಇಷ್ಟವಿರಲಿಲ್ಲ.

"ನೀವು ದಾರಿ ಹೇಳತೀರಂತ ಕಳಸಾಕತ್ತೀನ್ರಿ ಅಕ್ಕಾರ," ಎಂದಳು. ನಾನು ಅವಳ ಕೈ ಹಿಡಿದು ಧೈರ್ಯ ಹೇಳಿದೆ.

ಮರುದಿನ ಸಂಜೆ ಆಫೀಸಿನಲ್ಲಿ ನಾನೊಬ್ಬಳೇ. ಹೊರಗೆ ಆಗಲೇ ಕತ್ತಲು. ಕಾಫಿ ಸೀದುಹೋದ ವಾಸನೆ, ಹೀಟರಿನ ಗುಂಯ್ ಸದ್ದು... ಅಷ್ಟರಲ್ಲಿ ಬಸವರಾಜನ ಮೊಬೈಲಿನಿಂದ ಫೋನ್ ಬಂತು. ಘಾಟಿಯಲ್ಲಿ ಹಿಮ ಜೋರಾಗಿದೆಯಂತೆ, ಮುಂದೇನೂ ಕಾಣುತ್ತಿಲ್ಲವಂತೆ. ಆದರೂ ದನಿಯಲ್ಲಿ ಗಾಬರಿಯಿರಲಿಲ್ಲ.

"ನೀವು ಹೇಳಿದಂಗ ಎಡಕ್ಕ ಹೊಳ್ಳೀನ್ರಿ ಅಕ್ಕಾರ."

ನಾನು ಯಾವಾಗ ಹೇಳಿದೆನೋ ಎಂದೆ.

"ಈಗ ರೇಡಿಯೊದಾಗ ಹೇಳಿದ್ರಲ್ರಿ... ಇನ್ನೂ ಹೇಳಾಕತ್ತೀರಿ."

ಲಾರಿಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೊ ಅದು. ನಾಲ್ಕಾರು ಮೈಲಿ ದಾಟಿದರೆ ಕೇಳುವುದಿಲ್ಲ. ನಾನಿದ್ದದ್ದು ಟೆಕ್ಸಾಸಿನಲ್ಲಿ, ನನ್ನ ಬಳಿ ಅಂಥ ರೇಡಿಯೊ ಇರಲೇ ಇಲ್ಲ. ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಅವನ ಹಿಂದೆ, ಗೊರಗೊರ ಸದ್ದಿನ ನಡುವೆ, ಯಾರೋ ಹೆಂಗಸು ಮೆಲ್ಲಗೆ ಮಾತಾಡುತ್ತಿದ್ದಳು... ಏನೆಂದು ತಿಳಿಯಲಿಲ್ಲ.

"ಬಸವರಾಜ, ಅದು ನಾನಲ್ಲ. ಗಾಡಿ ನಿಲ್ಸು. ಈಗ್ಲೇ ನಿಲ್ಸು."

ಅವನು ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಹಂಗಾರ... ನೀವ್ಯಾರ್ರಿ?"

ಫೋನ್ ಕಟ್ ಆಯಿತು. ಹುಚ್ಚಿಯ ಹಾಗೆ ಮತ್ತೆ ಮತ್ತೆ ಮಾಡಿದೆ. ರಿಂಗ್ ಆಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಅಲ್ಲಿನ ಪೊಲೀಸರಿಗೆ ಹೇಳಿದರೆ, ಹಿಮ ನಿಲ್ಲುವವರೆಗೆ ಯಾರೂ ಮೇಲೆ ಹತ್ತುವಂತಿಲ್ಲ ಎಂದರು. ಹಿಮ ನಿಂತ ಮೇಲೆ ಲಾರಿ ಸಿಕ್ಕಿತು, ಗಣಿಯ ದಾರಿಯ ಕೆಳಗೆ, ಪ್ರಪಾತದಲ್ಲಿ. ಬಸವರಾಜ ಒಳಗೇ ಇದ್ದ.

ಕಾರ್ಯಗಳೆಲ್ಲ ಮುಗಿದ ಮೇಲೆ ಶಾಂತಾ ನನ್ನನ್ನು ಮನೆಗೆ ಕರೆದಳು. ಅತ್ತೂ ಅತ್ತೂ ಮುಖ ಬಾತಿತ್ತು. ಬೈಯಲಿಲ್ಲ, ಕೂರಿಸಿದಳು. ಆ ಸಂಜೆ ನನ್ನ ಜೊತೆ ಮಾತಾಡಿದ ಮೇಲೆ ಅವನು ಮನೆಗೂ ಫೋನ್ ಮಾಡಿದ್ದನಂತೆ. ಇವಳು ಹೊರಗೆ ಹೋಗಿದ್ದರಿಂದ ಮಾತು ಆನ್ಸರಿಂಗ್ ಮೆಷಿನ್‌ನಲ್ಲಿ ಉಳಿದಿತ್ತು. ಗುಂಡಿ ಒತ್ತಿದಳು.

ಅಕ್ಕಾರು ದಾರಿ ಹೇಳುತ್ತಿದ್ದಾರೆ, ಕಾಳಜಿ ಮಾಡಬೇಡ ಎನ್ನುತ್ತಿದ್ದ ಬಸವರಾಜ. ಅವನ ಹಿಂದೆ ರೇಡಿಯೊ ಗೊರಗುಟ್ಟಿತು... ಈ ಸಲ ಸ್ಪಷ್ಟವಾಗಿ ಕೇಳಿತು.

"ಇನ್ಮೇಲೆ ಫೋನ್ ಬಂದ್ರೆ ಎತ್ಬೇಡ ಬಸವರಾಜ. ಅದು ನಾನಲ್ಲ."

ನನ್ನದೇ ದನಿ. ನನ್ನ ಹೆತ್ತ ತಾಯಿ ಕೇಳಿದ್ದರೂ ನನ್ನದೇ ಅನ್ನುತ್ತಿದ್ದಳು.

"ಇದು ನಿಮ್ಮ ದನಿ ಅಲ್ಲಂತ ಹೇಳ್ರಿ ಅಕ್ಕಾರ," ಎಂದಳು ಶಾಂತಾ. "ನಂಬತೀನಿ."

ಅದು ನಾನಲ್ಲ ಎನ್ನಬೇಕಿತ್ತು. ಆ ಮಾತೂ ಅದೇ ದನಿಯಲ್ಲೇ ಹೊರಬರುತ್ತದಲ್ಲ ಎಂದು ಹೆದರಿ ಬಾಯಿ ಕಟ್ಟಿತು. ಅವಳು ಕಾದಳು. ಆಮೇಲೆ ಎದ್ದುಹೋಗಿ ಬಾಗಿಲು ತೆರೆದು ನಿಂತಳು.

ಆ ಕೆಲಸ ಬಿಟ್ಟು ವರ್ಷಗಳಾದವು. ಈಗಲೂ ಯಾರಾದರೂ ಕಾರು ನಿಲ್ಲಿಸಿ ದಾರಿ ಕೇಳಿದರೆ, ಗೊತ್ತಿದ್ದರೂ ಇಲ್ಲವೆಂದು ತಲೆಯಾಡಿಸಿ ಮುಂದೆ ಹೋಗುತ್ತೇನೆ.