ಗಜನಿ ಗೋಡೆಯ ಮೇಲೆ ಮೂರು ಕೂಗು

ಡಿಸೆಂಬರಿನ ಒಂದು ಶುಕ್ರವಾರ ಸಂಜೆ ನಾವು ಮೂವರು ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಯಶವಂತಪುರದಲ್ಲಿ ಕಾರವಾರದ ರೈಲು ಹಿಡಿದೆವು. ಜೊತೆಗಿದ್ದವರು ಸುಬ್ರಹ್ಮಣ್ಯಪುರದಲ್ಲಿ ನನಗೆ ಮನೆ ಬಾಡಿಗೆ ಕೊಟ್ಟಿರುವ ಗೌರಮ್ಮ ಮತ್ತು ಅವರ ತಮ್ಮ ಮುನಿರಾಜು. ಹಕ್ಕಿ ನೋಡುವುದು ನನ್ನ ಹವ್ಯಾಸ. ಗೌರಮ್ಮನವರಿಗೆ ಬೇಕಾಗಿದ್ದುದು ಒಂದೇ ಹಕ್ಕಿ.

ಅವರ ಚಿಕ್ಕಂದಿನಲ್ಲಿ ಹೊಲದ ಪಕ್ಕದ ಕೆರೆಗೆ ಚಳಿಗಾಲದಲ್ಲಿ ಅದು ಬರುತ್ತಿತ್ತಂತೆ. ಉದ್ದ ಕಾಲು, ಬೂದು ಮೈ, ಒಂದೇ ಉಸಿರಿಗೆ ಮೂರು ಕೂಗು. ಕೆರೆ ಈಗಿಲ್ಲ, ಅಲ್ಲಿ ಲೇಔಟ್ ಇದೆ. ವಿವರ ಕೇಳಿ, ಗ್ರೀನ್‌ಶ್ಯಾಂಕ್ ಎಂಬ ವಲಸೆ ಬರುವ ಗೊರವ ಹಕ್ಕಿ ಇರಬೇಕು ಎಂದೆ. ನಗರದಲ್ಲಿ ಉಳಿದ ಕೆರೆಗಳಲ್ಲಿ ಹುಡುಕಿದೆವು, ಸಿಗಲಿಲ್ಲ. ಕರಾವಳಿಯ ಜವುಗಿನಲ್ಲಾದರೆ ಅದು ಚಳಿಗಾಲವಿಡೀ ಇರುತ್ತದೆ.

ಮುನಿರಾಜು ಮಾತ್ರ ಒಪ್ಪಿರಲಿಲ್ಲ; ರೈಲಿನಲ್ಲೂ ಅದೇ ಮಾತು. “ಯಾವ ಹಕ್ಕಿನೂ ಇರ್ಲಿಲ್ಲ ಸಾರ್. ಆ ಕೆರೆಲಿ ಇದ್ದಿದ್ದು ಕೆಸರು, ಸೊಳ್ಳೆ. ಅಕ್ಕ ಕನಸಲ್ಲಿ ಕಂಡಿರ್ಬೇಕು.”

“ಕೆರೆ ನೋಡಿರೋರು ಅಂತ ಮನೇಲಿ ಉಳ್ದಿರೋದು ನಾನು, ಇವ್ನು,” ಎಂದರು ಗೌರಮ್ಮ ನನ್ನ ಕಡೆ ತಿರುಗಿ. “ಇವ್ನೂ ಇಲ್ಲ ಅಂದ್ಬಿಟ್ರೆ ನಂಗೇ ಅನುಮಾನ ಬರತ್ತೆ ಸಾರ್. ಅದಕ್ಕೇ ಎಳ್ಕೊಂಡ್ ಬಂದೆ.”

ಬೆಳಿಗ್ಗೆ ಕುಮಟಾದಲ್ಲಿ ಇಳಿದು ಬನ್ಸ್, ಚಹಾ ಮುಗಿಸಿ ಅಘನಾಶಿನಿಯ ಹಿನ್ನೀರಿಗೆ ಆಟೋ ಹಿಡಿದೆವು. ಆಗಲೇ ಸೆಕೆ. ಮುನಿರಾಜು ಬೆಂಗಳೂರಿನ ಮಂಕಿಕ್ಯಾಪ್ ತೆಗೆದಿರಲಿಲ್ಲ.

“ತೆಗಿಯೋ, ಆಟೋದವ್ನು ಕಳ್ಳ ಅನ್ಕೊಂಡಾನು,” ಎಂದರು ಅಕ್ಕ.

ಉಪ್ಪುನೀರು ನುಗ್ಗುವ ಜವುಗು ಗದ್ದೆಗೆ ಇಲ್ಲಿ ಗಜನಿ ಎನ್ನುತ್ತಾರೆ. ಗಜನಿಗೂ ಹಿನ್ನೀರಿಗೂ ನಡುವೆ ಉದ್ದಕ್ಕೆ ಕಲ್ಲಿನ ತಡೆಗೋಡೆ. ಇಳಿತದ ಹೊತ್ತು, ಕೆಸರೆಲ್ಲ ಬಯಲಾಗಿತ್ತು. ಬೆಳ್ಳಕ್ಕಿಗಳಿದ್ದವು, ಸಣ್ಣ ಗೊರವಗಳ ಹಿಂಡಿತ್ತು, ಮೇಲೆ ಎರಡು ಗರುಡ. ಗೋಡೆಯ ಮೇಲೆ ಬಹಳ ದೂರ ನಡೆದರೂ ನಮ್ಮ ಹಕ್ಕಿ ಇಲ್ಲ.

“ಈ ಕೆಸರು ನೋಡಕ್ಕೆ ರಾತ್ರಿಯೆಲ್ಲಾ ರೈಲಲ್ಲಿ ಬಂದ್ವಾ?” ಎಂದರು ಮುನಿರಾಜು. ಗೌರಮ್ಮನವರ ನಡಿಗೆ ನಿಧಾನವಾಗಿತ್ತು.

ಒಂದು ತಿರುವು ದಾಟುತ್ತಿದ್ದಂತೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂದಿನಿಂದ ಕೂಗು ಬಂತು: ಟ್ಯೂ, ಟ್ಯೂ, ಟ್ಯೂ. ಬೆನ್ನಿನ ಬಿಳಿ ತೋರಿಸುತ್ತ ಬೂದು ಹಕ್ಕಿಯೊಂದು ಎದ್ದು ಹಾರಿತು. ಗೌರಮ್ಮ ನನ್ನ ತೋಳು ಹಿಡಿದರು. ತಿರುಗಿ ನೋಡಿದರೆ ಮುನಿರಾಜು ಇಲ್ಲ. ಅರವತ್ತು ದಾಟಿದ ಮನುಷ್ಯ ಗೋಡೆಯಿಂದ ಜಾರಿ, ಕಲ್ಲಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು.

“ಯಾರು ಬಂದ್ರು?” ಎಂದು ಅಲ್ಲಿಂದಲೇ ಪಿಸುಗುಟ್ಟಿದರು.

“ಯಾರೂ ಬಂದಿಲ್ಲ, ಎದ್ದು ಬಾರೋ,” ಎಂದ ಗೌರಮ್ಮ ನಗು ತಡೆಯಲಾರದೆ ಗೋಡೆಯ ಮೇಲೆ ಕುಳಿತುಬಿಟ್ಟರು.

ಸಂಗತಿ ಆಮೇಲೆ ತಿಳಿಯಿತು. ಮಕ್ಕಳಾಗಿದ್ದಾಗ ಇಬ್ಬರೂ ಕೆರೆಯಲ್ಲಿ ಕದ್ದು ಮೀನು ಹಿಡಿಯುತ್ತಿದ್ದರು. ತೂಬು ಕಾಯುವ ನೀರುಗಂಟಿ ಏರಿಯ ಮೇಲೆ ಬಂದರೆ ಮೊದಲು ಕೂಗುತ್ತಿದ್ದುದು ಆ ಹಕ್ಕಿ. ಕೂಗಿದ ತಕ್ಷಣ ಇವರು ಬಗ್ಗಿ ಅವಿತುಕೊಳ್ಳಬೇಕು.

ಮುನಿರಾಜು ಮೇಲೆ ಬಂದು ಪ್ಯಾಂಟಿನ ಕೆಸರು ಕೊಡವಿಕೊಂಡರು. ಹಕ್ಕಿ ಹೋಗಿ ಇಳಿದ ಕಡೆಗೇ ಬಹಳ ಹೊತ್ತು ನೋಡಿದರು. “ಕೂಗ್ತಿತ್ತು ಕಣಕ್ಕ,” ಎಂದರು.

ಮಾರನೆಯ ಸಂಜೆ ವಾಪಸು ರೈಲಿನಲ್ಲಿ ಅವರೇ ಮಾತು ತೆಗೆದರು. “ಆ ನೀರುಗಂಟಿ ಹೆಸರೇನಕ್ಕ? ಹನುಮಯ್ಯನಾ?”

“ಹನುಮಯ್ಯ ಗಾಡಿ ಹೊಡೀತಿದ್ದ ಕಣೋ.”

ಬೆಳಿಗ್ಗೆ ಬನಶಂಕರಿಯಲ್ಲಿ ಮೆಟ್ರೊ ಇಳಿದಾಗಲೂ ನೀರುಗಂಟಿಯ ಹೆಸರು ಸಿಕ್ಕಿರಲಿಲ್ಲ. ಎಸ್ಕಲೇಟರಿನಲ್ಲಿ ಅಕ್ಕ ಮುಂದೆ, ತಮ್ಮ ಒಂದು ಮೆಟ್ಟಿಲು ಹಿಂದೆ.

“ಬಲಗಾಲು ಎಳೀತಿದ್ದ,” ಎಂದರು ಮುನಿರಾಜು.

“ಎಡಗಾಲು,” ಎಂದರು ಗೌರಮ್ಮ.